ಸಾಲಿನ ಕೊನೆಯ ಬೈಕು

ಫೆಬ್ರವರಿ ೯

ಇವರು ಬೆಳಿಗ್ಗೆ ಮನೆ ಬಿಟ್ಟು ಹೋದರು. ಮಧ್ಯಾಹ್ನದ ಟೂರಿನಲ್ಲಿ ಮತ್ತೆ ಸಿಕ್ಕರು.

ಬೇರೆ ಹೆಂಗಸರ ಗಂಡಂದಿರು ಬಿಟ್ಟು ಹೋದರೆ ಕಣ್ಣಿಗಾದರೂ ಮರೆಯಾಗುತ್ತಾರೆ. ನನಗೆ ಆ ಪುಣ್ಯವೂ ಇಲ್ಲ. ಇವರು ಮುಂದಿನ ನಾಲ್ಕು ಚಕ್ರದ ಕ್ವಾಡ್ ಬೈಕಿನ ಮೇಲೆ, ನಾನು ಕೊನೆಯದರ ಮೇಲೆ, ನಡುವೆ ಊರು ನೋಡಲು ಬಂದ ಆರು ಗಾಡಿ ಜನ. ಮದುವೆಯಾದಾಗಿನಿಂದ ಕೆಲಸ ಹೀಗೇ ನಡೆದಿದೆ. ಇವರು ಮುಂದೆ ಹೋಗುತ್ತ ಊರಿನ ಕಥೆ ಹೇಳುತ್ತಾರೆ, ಎಲ್ಲರ ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ಅದು ಕೇಳುತ್ತದೆ. ನಾನು ಹಿಂದೆ ಬರುತ್ತ ಯಾರೂ ಕಳೆದುಹೋಗದಂತೆ ನೋಡಿಕೊಳ್ಳುತ್ತೇನೆ.

ಇವತ್ತೂ ಕೇಳಿದೆ, ಕಿವಿಯೊಳಗೇ ಕೂತು ಮಾತಾಡಿದ ಹಾಗೆ. ಗಡಿಯಾರದ ಗೋಪುರ ಯಾವಾಗಲೂ ಹತ್ತು ನಿಮಿಷ ಹಿಂದೆ, ನಮ್ಮ ಊರೂ ಹಾಗೇ ಎಂದರು. ಜನ ನಕ್ಕರು. ಧ್ವನಿಯಲ್ಲಿ ಒಂದು ಬಿರುಕೂ ಇರಲಿಲ್ಲ.

ಕಬ್ಬಿಣದ ಸೇತುವೆಗೆ ಮುಂಚೆ ಸಿಗ್ನಲಿನಲ್ಲಿ ನಿಂತಾಗ ಇವರು ದಿನಾ ಒಂದು ಮಾತು ಹೇಳುತ್ತಿದ್ದರು: "ಎಲ್ಲರೂ ಒಂದ್ಸಲ ಹಿಂದೆ ತಿರುಗಿ ನೋಡಿ. ಕೊನೇಲಿ ಬರ್ತಿರೋರು ನನ್ನ ಹೆಂಡತಿ. ರಸ್ತೇಲಿ ಮಾತ್ರ ನಾನು ಮುಂದೆ." ಎಲ್ಲರೂ ತಿರುಗಿ ಕೈ ಬೀಸುತ್ತಿದ್ದರು, ನಾನೂ ಬೀಸುತ್ತಿದ್ದೆ. ಇವತ್ತು ಸಿಗ್ನಲ್ ಬಂತು. ಆ ಮಾತು ಹಿಡಿಯುವಷ್ಟು ಹೊತ್ತು ಹೆಲ್ಮೆಟ್ಟಿನಲ್ಲಿ ಬರೀ ಗಾಳಿ. ಆಮೇಲೆ ನದಿಯ ವಿಷಯ ಶುರುವಾಯಿತು.

ಫೆಬ್ರವರಿ ೧೧

ಅತ್ತೆಗೆ ಹೇಗೆ ಹೇಳುವುದು ಅಂತ ಒದ್ದಾಡುತ್ತಿದ್ದೆ. ಇವರೇ ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ. ನಾನು ಕೆಲಸ ಮುಗಿಸಿ ಬಂದಾಗ ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ನೋಯುವ ಮಂಡಿ ಚಾಚಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಯಾರು ಅವಳು ಎಂದು ಕೇಳಿದರು. ಬೆಟ್ಟದ ಮೇಲೆ ಫೋಟೋ ತೆಗೆಯುವವಳು ಎಂದೆ.

ಟೂರಿನಲ್ಲಿ ಎಲ್ಲರೂ ಇಳಿಯುವ ಜಾಗ ಅದೊಂದೇ. ಬೆಟ್ಟದ ತುದಿಯ ಕಟ್ಟೆಯ ಮೇಲೆ ನಿಂತರೆ ಇಡೀ ಊರು ಕೆಳಗೆ ಕಾಣುತ್ತದೆ. ಅಲ್ಲಿ ಅವಳು ಪ್ರವಾಸಿಗರನ್ನು ನಿಲ್ಲಿಸಿ ಫೋಟೋ ತೆಗೆದು ಚೌಕಟ್ಟು ಹಾಕಿ ಕೊಡುತ್ತಾಳೆ. ಇವರು ಮೊದಲು ತಲುಪುತ್ತಾರೆ. ಏರಿನಲ್ಲಿ ಯಾರಾದರೊಬ್ಬರು ಗಾಡಿ ಆಫ್ ಮಾಡಿಕೊಂಡೇ ಮಾಡಿಕೊಳ್ಳುತ್ತಾರೆ. ಅವರಿಗೆ ಧೈರ್ಯ ಹೇಳಿ ಹತ್ತಿಸಿಕೊಂಡು ನಾನು ಬರುವಷ್ಟರಲ್ಲಿ ಉಳಿದವರು ನೀರು ಕುಡಿದು, ಫೋಟೋ ತೆಗೆಸಿಕೊಂಡು ಆಗಿರುತ್ತದೆ. ಎಷ್ಟು ವರ್ಷ ಹಾಗೆ ಕೊನೆಯಲ್ಲಿ ಬಂದೆ. ನನ್ನ ಸಂಸಾರ ಹೋಗಿದ್ದು ಆ ಸ್ವಲ್ಪ ಹೊತ್ತಿನಲ್ಲಿ, ದಿನಾ ಸ್ವಲ್ಪ ಸ್ವಲ್ಪವಾಗಿ.

ಅತ್ತೆ ಹುರುಳಿಕಾಯಿ ಮುಗಿಸಿದ ಮೇಲೆ ಹೇಳಿದರು: "ಅವನನ್ನ ಹೆತ್ತಿದ್ದು ನಾನು, ಕಟ್ಕೊಂಡಿದ್ದು ನೀನು. ತಪ್ಪು ಅರ್ಧ ಅರ್ಧ ಹಂಚ್ಕೊಳ್ಳೋಣ. ಕೈ ತೊಳ್ಕೊಂಡು ಬಾ, ಊಟ ಮಾಡು."

ಊಟ ಮಾಡಿದೆ. ಹೊಟ್ಟೆ ಮನಸ್ಸಿನ ಮಾತು ಕೇಳುವುದಿಲ್ಲ.

ಫೆಬ್ರವರಿ ೨೩

ಭಾನುವಾರ ಇವರು ಬಂದರು, ಉಳಿದ ಬಟ್ಟೆಗೂ ತಾಯಿಗೂ. ಬಟ್ಟೆ ನಾನು ಮಡಚಿ ಇಟ್ಟಿದ್ದೆ. ಅಂಗಿಗಳನ್ನು ಇಸ್ತ್ರಿ ಕೂಡ ಮಾಡಿದ್ದೆ. ಯಾಕೆ ಮಾಡಿದೆನೋ, ಕೈ ತಾನಾಗಿ ಮಾಡಿತು.

ತಾಯಿಯ ಹತ್ತಿರ ಬಹಳ ಹೊತ್ತು ಮಾತಾಡಿದರು. ಅಲ್ಲಿ ಎರಡು ರೂಮು ಇದೆಯಂತೆ, ಗಾಳಿ ಬೆಳಕು ಚೆನ್ನಾಗಿದೆಯಂತೆ. ಅತ್ತೆ ಟಿವಿ ಕಡೆ ನೋಡುತ್ತಲೇ ಕೂತಿದ್ದರು. ಟಿವಿ ಆಫ್ ಆಗಿತ್ತು.

"ಅಮ್ಮ, ನೀನು ನನ್ನ ತಾಯಿ. ನನ್ನ ಹತ್ರ ಇರ್ಬೇಕು," ಎಂದರು.

"ನಾನೇನು ಬೀರು ಏನೋ, ನೀನು ಹೋದ ಕಡೆ ಸಾಗಿಸೋಕೆ? ನಾನು ಈ ಮನೆಗೆ ಬಂದಿದ್ದು ಸೊಸೆ ಇದ್ದಾಳೆ ಅಂತ. ಸೊಸೆ ಇಲ್ಲೇ ಇದ್ದಾಳೆ," ಎಂದರು ಅತ್ತೆ.

ಇವರು ನನ್ನ ಮುಖ ನೋಡಿದರು, ನಾನೇ ಹೇಳಿಕೊಟ್ಟ ಹಾಗೆ. ಬ್ಯಾಗು ಎತ್ತಿಕೊಂಡು ಹೋದರು. ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದು ನಿಲ್ಲುವವರೆಗೂ ಅತ್ತೆ ಅಲ್ಲಾಡಲಿಲ್ಲ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ನೀಲಿ ಅಂಗಿ ಬ್ಯಾಗಿಗೆ ಹಾಕಿದೆಯಾ, ಅವನಿಗೆ ಅದು ಇಷ್ಟ ಎಂದು ಕೇಳಿದರು.

ಮಾರ್ಚ್ ೬

ಈಗ ನಮ್ಮಿಬ್ಬರ ನಡುವೆ ಉಳಿದಿರುವುದು ರೇಡಿಯೋದ ಮಾತು ಮಾತ್ರ. ಪ್ರತಿ ತಿರುವು ದಾಟಿದ ಮೇಲೆ ಇವರು ಕೇಳುತ್ತಾರೆ, "ಹಿಂದೆ ಸರೀನಾ?" ನಾನು ಹೇಳುತ್ತೇನೆ, "ಹಿಂದೆ ಸರಿ." ವರ್ಷಗಟ್ಟಲೆ ಹೇಳಿದ ಮಾತು. ಇವತ್ತು ಇಲ್ಲಿ ಬರೆದು ನೋಡಿದರೆ ಬೇರೆಯೇ ಅರ್ಥ. ದಿನವಿಡೀ ನನಗೆ ನಾನೇ ಹಿಂದೆ ಸರಿ, ಹಿಂದೆ ಸರಿ ಅಂದುಕೊಂಡು ಓಡಾಡುತ್ತಿದ್ದೇನೆ.

ಮಾರ್ಚ್ ೧೯

ಇವತ್ತು ಷೆಡ್ಡಿಗೆ ಬಂದಾಗ ಇವರು ನನ್ನ ಬೈಕಿನ ಪಕ್ಕ ಮಂಡಿಯೂರಿ ಕೂತು ಬ್ರೇಕ್ ಬಿಗಿ ಮಾಡುತ್ತಿದ್ದರು. ನಾನು ಹೇಳಿರಲಿಲ್ಲ. ಸಡಿಲವಾಗಿದೆ ಅಂತ ತಾವೇ ಗಮನಿಸಿದ್ದಾರೆ. ಕೈಯೆಲ್ಲ ಎಣ್ಣೆ. ಎದ್ದು ನಿಂತು, ಇಳಿಜಾರಿನಲ್ಲಿ ಹುಷಾರು ಎಂದರು.

ಟೂರ್ ಪೂರ್ತಿ ನನಗೆ ನೆಲ ಕಾಣಲಿಲ್ಲ. ಮನಸ್ಸಿನಲ್ಲೇ ಇವರನ್ನು ಮನೆಗೆ ಕರೆತಂದೆ, ನಾಲ್ಕು ಬೈದೆ, ಕ್ಷಮಿಸಿದೆ, ಪರದೆ ಕೂಡ ಬದಲಾಯಿಸಿದೆ. ಕಿತ್ತಳೆ ಜಾಕೆಟ್ಟಿನ ಒಬ್ಬ ಪ್ರವಾಸಿ ಫುಟ್‌ಪಾತಿಗೆ ಚಕ್ರ ತಾಗಿಸಿ ಬಿದ್ದದ್ದನ್ನೂ ತಡವಾಗಿ ನೋಡಿದೆ. ಪಾಪ, ಪೆಟ್ಟಾಗಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಎಲ್ಲಾ ಕೇಳಿಸಿಕೊಂಡರು. "ಬ್ರೇಕ್ ಬಿಗಿ ಮಾಡಿದಾನೆ ಅಷ್ಟೆ ಕಣೇ. ಗಾಡಿ ತಿರುಗಿಸಿಲ್ಲ," ಎಂದರು.

ಅತ್ತೆಗೆ ಏನು ಗೊತ್ತು. ಇವರ ಕೈ ನನಗೆ ಗೊತ್ತು.

ಏಪ್ರಿಲ್ ೧೨

ಬೆಟ್ಟದ ಏರಿನಲ್ಲಿ ಇವತ್ತು ಯಾರೂ ಗಾಡಿ ನಿಲ್ಲಿಸಿಕೊಳ್ಳಲಿಲ್ಲ. ಅದಕ್ಕೇ ಬೇಗ ತಲುಪಿದೆ. ತಲುಪಬಾರದಿತ್ತು.

ಫೋಟೋದವಳು ಕಟ್ಟೆಯ ಮೇಲೆ ಹತ್ತಲು ನೋಡುತ್ತಿದ್ದಳು. ಅವರು ಓಡಿ ಹೋಗಿ ಒಂದು ಕೈಯಲ್ಲಿ ಅವಳ ಕ್ಯಾಮೆರಾ ಸ್ಟ್ಯಾಂಡು ಹಿಡಿದು ಇನ್ನೊಂದು ಕೈಯನ್ನು ಅವಳ ಬೆನ್ನಿಗೆ ಕೊಟ್ಟರು. ಆ ಕೈ ಕೊಡುವ ರೀತಿ ನನಗೆ ಗೊತ್ತು. ನನಗೂ ಒಂದು ಸಲ ಗರ್ಭ ನಿಂತಿತ್ತು, ನಾಲ್ಕನೇ ತಿಂಗಳಿಗೆ ಹೋಯಿತು. ಆ ನಾಲ್ಕು ತಿಂಗಳು ನಮ್ಮ ಮನೆಯ ಮೆಟ್ಟಿಲಿನ ಮೇಲೆ ನನ್ನ ಬೆನ್ನಿಗೆ ಹಾಗೇ ಕೈ ಇರುತ್ತಿತ್ತು. ಗಾಳಿಗೆ ಅವಳ ಸಡಿಲ ಉಡುಪು ಮೈಗೆ ಅಂಟಿತು. ಹೊಟ್ಟೆ ಕಂಡಿತು.

ಅವಳು ನನ್ನನ್ನು ನೋಡಿ ಸ್ಟ್ಯಾಂಡಿನ ಹಿಂದೆ ಸರಿದಳು. ಪ್ರವಾಸಿಗರು ನನ್ನನ್ನೂ ಫೋಟೋಗೆ ಕರೆದರು. ಹೋಗಿ ತುದಿಯಲ್ಲಿ ನಿಂತೆ. ಅವಳೇ ಕ್ಲಿಕ್ ಮಾಡಿದಳು.

ಏಪ್ರಿಲ್ ೧೩

ಕೆಲಸಕ್ಕೆ ಹೋಗಲಿಲ್ಲ.

ಏಪ್ರಿಲ್ ೧೬

ಹೋಗಲಿಲ್ಲ. ಅತ್ತೆ ತಲೆ ಬಾಚಿದರು. ಜಡೆ ಹಾಕಿ ಮುಗಿದ ಮೇಲೂ ಬಹಳ ಹೊತ್ತು ಜಡೆ ಹಿಡಿದುಕೊಂಡೇ ಕೂತಿದ್ದರು.

ಮೇ ೧೭

ಇವತ್ತು ಒಂದು ಎಡವಟ್ಟಾಯಿತು. ರೈಲ್ವೆ ಗೇಟಿನ ಹತ್ತಿರ ಅವರೂ ಮುಂದಿನ ಮೂರು ಗಾಡಿಗಳೂ ದಾಟಿದವು. ನಮ್ಮ ಮುಂದೆ ಗೇಟು ಬಿತ್ತು. ಒಂದು ಗೂಡ್ಸ್ ರೈಲು ಬಂದು, ಊರು ನೋಡಲು ತಾನೂ ಬಂದಿದ್ದೇನೆ ಅನ್ನುವ ಹಾಗೆ ಅಡ್ಡ ನಿಂತೇಬಿಟ್ಟಿತು. ರೇಡಿಯೋದಲ್ಲಿ ಕರಕರ ಬಿಟ್ಟರೆ ಏನೂ ಇಲ್ಲ. ನನ್ನ ಪಾಲಿಗೆ ಮೂರು ಗಾಡಿ ಉಳಿದವು: ಒಂದರಲ್ಲಿ ವಯಸ್ಸಾದ ಅಕ್ಕ ತಂಗಿ, ಇನ್ನೊಂದರಲ್ಲಿ ಗಂಡ ಹೆಂಡತಿ, ಮತ್ತೊಂದರಲ್ಲಿ ಒಬ್ಬ ದಪ್ಪನೆಯ ದಂತವೈದ್ಯರು.

ರೈಲು ಕದಲಲಿಲ್ಲ. ಪ್ರವಾಸಿಗರು ಸುಮ್ಮನೆ ಹೊಗೆ ಕುಡಿಯುತ್ತ ಕೂರಬೇಕೇ ಅಂತ, ಗೋದಾಮುಗಳ ಹಿಂದಿನ ದಾರಿಯಲ್ಲಿ ಕರೆದುಕೊಂಡು ಹೊರಟೆ. ಅಕ್ಕ ತಂಗಿಯರಲ್ಲಿ ದೊಡ್ಡವರು, ಏನಾದರೂ ಹೇಳಮ್ಮ, ಬಾಯಿ ಇಲ್ಲದ ಗೈಡ್ ಇರುತ್ತಾರೆಯೇ ಎಂದರು. ಎಷ್ಟೋ ವರ್ಷದಿಂದ ಕೇಳಿದ್ದೆಲ್ಲ ಬಾಯಿಪಾಠ ಇದೆ, ಗಡಿಯಾರದ ಜೋಕಿನ ಸಮೇತ. ಆದರೆ ಅದು ಬಾಯಿಗೆ ಬರಲಿಲ್ಲ. ನಾನು ಕಂಡದ್ದನ್ನು ಹೇಳಿದೆ. ಮುಂದೆ ಹೋಗುವವರಿಗೆ ಊರು ನಗುತ್ತ ಕೈ ಬೀಸುತ್ತದೆ, ಸಾಲು ದಾಟಿದ ಮೇಲೆ ಅದು ಏನು ಮಾಡುತ್ತದೆ ಅನ್ನುವುದು ಕೊನೆಯವಳಿಗೆ ಮಾತ್ರ ಕಾಣುತ್ತದೆ. ನಗುತ್ತ ನಿಂತಿದ್ದ ಹೂವಿನ ಅಂಗಡಿಯವನು ತಿರುಗಿ ಹೆಂಡತಿಯ ಜೊತೆ ಅರ್ಧಕ್ಕೆ ಬಿಟ್ಟ ಜಗಳ ಮುಂದುವರಿಸುತ್ತಾನೆ. ಹಳೇ ಜೈಲಿನ ಎದುರಿನ ಬೆಂಚಿನ ಮುದುಕರು ನಮ್ಮನ್ನು ಬೈದು ಮತ್ತೆ ಇಸ್ಪೀಟು ಹಂಚುತ್ತಾರೆ. ಇದನ್ನೆಲ್ಲ ಹೇಳಿದೆ. ದಂತವೈದ್ಯರು ಗಾಡಿ ನಿಲ್ಲಿಸಿ ನಕ್ಕರು. ಅಕ್ಕ ತಂಗಿ ಹೂವಿನ ಅಂಗಡಿಯ ಮುಂದೆ ಎರಡು ಸಲ ಹೋಗಿ ಬಂದರು, ಜಗಳ ನೋಡಲಿಕ್ಕೆ.

ಕೊನೆಗೆ ನದಿಯ ದಂಡೆಯಲ್ಲಿ ಎರಡೂ ಗುಂಪು ಸೇರಿದೆವು. ಯಾಕೆ ಕಾಯಲಿಲ್ಲ ಎಂದು ಅವರು ಕೇಳಿದರು. ಬೇಜಾರಾಯಿತು ಎಂದೆ.

ಮೇ ೨೦

ಓನರ್ ಕರೆದರು. ಓನರಿನ ಪಿಸುಮಾತೇ ಎರಡು ಬೀದಿಗೆ ಕೇಳುತ್ತದೆ. ಆ ಅಕ್ಕ ತಂಗಿ ಫೋನ್ ಮಾಡಿ ನನ್ನನ್ನು ಹೊಗಳಿದರಂತೆ. ಬೆಳಗಿನ ಟೂರು ನೀನೇ ನಡೆಸು, ಮಧ್ಯಾಹ್ನದ್ದು ಅವನು ನಡೆಸಲಿ, ನಿಮ್ಮಿಬ್ಬರ ನಡುವೆ ಪ್ರವಾಸಿಗರು ಸ್ಯಾಂಡ್‌ವಿಚ್ ಆಗುವುದು ತಪ್ಪುತ್ತದೆ ಎಂದರು. ಷೆಡ್ಡಿನವರೆಲ್ಲ ಕೇಳಿಸಿಕೊಂಡರು.

ಆಗುವುದಿಲ್ಲ ಎಂದು ಬಂದೆ. ಬೆಳಿಗ್ಗೆ ನಾನು, ಮಧ್ಯಾಹ್ನ ಅವರು ಎಂದಾದರೆ ಆ ಧ್ವನಿಯೂ ಕೇಳುವುದಿಲ್ಲವಲ್ಲ. ಅತ್ತೆಗೆ ಇದನ್ನು ಹೇಳಲಿಲ್ಲ, ಮಂಡಿ ನೋವಿಗೆ ಯಾರು ಔಷಧಿ ಹಚ್ಚುತ್ತಾರೆ, ಬೆಳಿಗ್ಗೆ ಬೇಗ ಹೋಗಬೇಕಾಗುತ್ತದೆ ಎಂದೆ. ನನ್ನ ಮಂಡಿ ನಿನ್ನ ನೆಪಕ್ಕೆಲ್ಲ ಬಗ್ಗುವುದಿಲ್ಲ ಎಂದರು ಅತ್ತೆ.

ಜೂನ್ ೮

ಕೊನೆಗೆ ಓನರಿಗೆ ಹೂಂ ಎಂದೆ. ಬೆಳಗಿನ ಟೂರು ಶುರುವಾಗಿ ವಾರ ಆಯಿತು. ಮೊದಲ ದಿನ ಮುಂದಿನ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡಿದೆ. ಮುಂದೆ ಯಾರ ಬೆನ್ನೂ ಇಲ್ಲದೆ ಗಾಡಿ ಓಡಿಸಿ ರೂಢಿಯಿಲ್ಲ. ಕೊನೆಯ ಬೈಕಿಗೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಬಂದಿದ್ದಾರೆ. ಎಲ್ಲರೂ ಅವರನ್ನು ರೈಟ್ ರೈಟ್ ಅನ್ನುತ್ತಾರೆ. ಹಿಂದೆ ಸರೀನಾ ಎಂದು ಕೇಳಿದರೆ, ರೈಟ್ ರೈಟ್ ಎಂದು ಶುರುಮಾಡಿ, ಮೂರನೇ ಗಾಡಿಯ ಅಮ್ಮನ ಚಪ್ಪಲಿ ಬಾರು ಕಿತ್ತಿದೆ, ಐದನೇ ಗಾಡಿಯ ಹುಡುಗಿಗೆ ಹಸಿವಾದ ಹಾಗಿದೆ ಎಂದು ಪೂರ್ತಿ ವರದಿ ಕೊಡುತ್ತಾರೆ.

ಇವತ್ತು ಮೀನು ಮಾರುಕಟ್ಟೆಯ ಹಿಂದೆ ಕರೆದುಕೊಂಡು ಹೋದೆ. ಅಲ್ಲಿ ಐಸ್ ಒಡೆಯುವ ಹೆಂಗಸರು ಪ್ರವಾಸಿಗರ ಕೈಗೆ ಸುತ್ತಿಗೆ ಕೊಟ್ಟರು. ಒಬ್ಬರಿಗೂ ಒಡೆಯಲು ಬರಲಿಲ್ಲ, ನನಗೂ ಬರಲಿಲ್ಲ. ನಾಳೆ ಮತ್ತೆ ಪ್ರಯತ್ನಿಸಬೇಕು.

ಷೆಡ್ಡಿನಲ್ಲಿ ಗಾಡಿ ಒಪ್ಪಿಸುವಾಗ ಅವನು ಎದುರಾದ. ಬಿಸಿಲಿದೆ, ನೀರು ಹೆಚ್ಚಿಗೆ ಇಟ್ಟುಕೊಳ್ಳಿ ಎಂದು ಹೇಳಿ ಬಂದೆ.

ಜುಲೈ ೧೪

ಟೂರು ಮುಗಿಸಿ ಹೆಲ್ಮೆಟ್ಟುಗಳನ್ನು ಒರೆಸುತ್ತಿದ್ದೆ. ಅತ್ತೆಯ ಮಗ ಬಂದು ನಿಂತ. ನಾಲ್ಕು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಗಡ್ಡ ಬಿಟ್ಟಿದ್ದ. ಹೆಣ್ಣು ಮಗುವಂತೆ, ಏಳನೇ ತಿಂಗಳಿಗೇ ಹುಟ್ಟಿದೆಯಂತೆ. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ, ಜೀವಕ್ಕೆ ಭಯವಿಲ್ಲ ಎಂದಿದ್ದಾರೆ, ಇನ್ನು ಎರಡು ಮೂರು ವಾರಕ್ಕೆ ಮನೆಗೆ ಕಳಿಸುತ್ತಾರೆ.

"ಅವಳಿಗೆ ತಾಯಿ ಇಲ್ಲ. ನನಗೆ ಅದನ್ನ ಮುಟ್ಟೋಕೂ ಭಯ ಆಗುತ್ತೆ, ಇಷ್ಟೇ ಇಷ್ಟು ಇದೆ," ಎಂದ. ತನ್ನ ಅಂಗೈ ನೋಡಿಕೊಂಡ. "ಅಮ್ಮ ನನ್ನ ಫೋನ್ ಎತ್ತಲ್ಲ. ನೀನೊಂದು ಮಾತು ಹೇಳಿದ್ರೆ ಬರ್ತಾಳೆ."

"ನನ್ನ ಹತ್ರ ಉಳಿದಿರೋದು ಅವರೊಬ್ಬರೇ," ಎಂದೆ.

"ಗೊತ್ತು."

ಗೊತ್ತಿದ್ದೂ ಕೇಳಿದ. ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಹೆಲ್ಮೆಟ್ಟನ್ನು ಅವನ ಮೇಲೆ ಎಸೆಯಬೇಕಿತ್ತು. ಒರೆಸಿ ಕಪಾಟಿನಲ್ಲಿಟ್ಟೆ.

ಮನೆಗೆ ಬಂದರೆ ಅತ್ತೆ ಕಿಟಕಿಯ ಹತ್ತಿರ ಕೂತು, ಕೆಳಗಿನ ಮನೆಯವರ ಬೆಕ್ಕು ಮತ್ತೆ ಮರಿ ಹಾಕಿದೆ ಎಂದರು. ಹೌದಾ ಎಂದೆ.

ಜುಲೈ ೧೭

ಅತ್ತೆಗೆ ಮುಖ ಓದಲು ಬರುತ್ತದೆ. ಎರಡು ದಿನದಿಂದ ಸಾರಿಗೆ ಉಪ್ಪು ಹಾಕುವುದನ್ನೇ ಮರೆಯುತ್ತಿದ್ದೀಯಾ, ಏನು ನುಂಗಿಕೊಂಡಿದ್ದೀಯಾ ಎಂದು ಕೇಳಿದರು. ಹೇಳಿದೆ. ಹೆಣ್ಣು ಎಂದೆ, ಗಾಜಿನ ಪೆಟ್ಟಿಗೆ ಎಂದೆ, ಅಂಗೈಯಷ್ಟು ಎಂದೆ.

ಅತ್ತೆ ತುತ್ತು ಕೈಯಲ್ಲೇ ಹಿಡಿದು ಕೂತರು. ಮುಖದಲ್ಲಿ ಮೊದಲು ಏನು ಬಂತು ಅಂತ ನಾನು ನೋಡಿದೆ. ಸಂತೋಷ ಬಂತು. ತಡೆಯುವುದರೊಳಗೆ ಬಂದುಬಿಟ್ಟಿತು. ತಕ್ಷಣ ತಲೆ ಬಗ್ಗಿಸಿದರು, ಕದ್ದು ಸಿಕ್ಕಿಬಿದ್ದವರ ಹಾಗೆ.

"ನೀನು ಬೇಡ ಅಂದ್ರೆ ನಾನು ಹೋಗಲ್ಲ," ಎಂದರು. "ಆಮೇಲೆ ನಿನ್ನನ್ನ ಆಡ್ಕೊಳ್ಳೋದೂ ಇಲ್ಲ. ಆದ್ರೆ ಈಗಲೇ ಹೇಳಿಬಿಡು ಮಗಳೇ. ಕಾಯಿಸಬೇಡ."

ಬೇಡ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಚಿಕ್ಕ ಮಾತು. ಹೇಳಿದ್ದರೆ ಅತ್ತೆ ನನ್ನ ಜೊತೆ ಇದ್ದುಬಿಡುತ್ತಿದ್ದರು, ಸಾಯುವ ತನಕ, ಈ ಸ್ಟೂಲಿನ ಮೇಲೆ, ಈ ಕಿಟಕಿಯ ಹತ್ತಿರ.

"ಹೋಗಿ ಅತ್ತೆ. ಕೂಸೇನು ಮಾಡಿದೆ," ಎಂದೆ.

ಎಡಗೈಯಿಂದ ನನ್ನ ಕೆನ್ನೆ ಮುಟ್ಟಿದರು. ಊಟ ಇಬ್ಬರಿಗೂ ಸೇರಲಿಲ್ಲ.

ಆಗಸ್ಟ್ ೨

ಕೂಸು ಮನೆಗೆ ಬಂದಿದೆಯಂತೆ. ಮಗ ಕಾರು ತರುತ್ತೇನೆ ಎಂದಿದ್ದ. ಅತ್ತೆ ಒಪ್ಪಲಿಲ್ಲ, ಸೊಸೆಯೇ ಕರೆದುಕೊಂಡು ಬರುತ್ತಾಳೆ ಎಂದು ಹೇಳಿದರು. ಬಸ್ಸಿನ ಮೆಟ್ಟಿಲು ಅವರ ಮಂಡಿಗೆ ಆಗುವುದಿಲ್ಲ. ಓನರಿಗೆ ಕೇಳಿ ಬೆಳಗಿನ ಟೂರು ಮುಗಿದ ಮೇಲೆ ಒಂದು ಕ್ವಾಡ್ ಬೈಕ್ ತಂದೆ. ಹಿಂದಿನ ಕಂಬಿಗೆ ಅತ್ತೆಯ ಗಂಟು, ಔಷಧಿಯ ಚೀಲ, ಸ್ಟೂಲು ಕಟ್ಟಿದೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆ ಹೆಲ್ಮೆಟ್ ಹಾಕಿಕೊಂಡು ನನ್ನ ಸೊಂಟ ಹಿಡಿದು ಕೂತರು, ಯುದ್ಧಕ್ಕೆ ಹೊರಟವರ ಹಾಗೆ.

"ಬಂದವರಿಗೆಲ್ಲ ಊರು ತೋರಿಸ್ತೀಯಲ್ಲ. ನನಗೂ ತೋರಿಸ್ಕೊಂಡು ಹೋಗು," ಎಂದರು.

ಸುತ್ತು ದಾರಿ ಹಿಡಿದೆ. ಮದುವೆಯಾಗಿ ಬಂದಾಗಿನಿಂದ ಇದೇ ಊರಲ್ಲಿದ್ದರೂ ಅತ್ತೆ ಕಂಡದ್ದು ಮಾರುಕಟ್ಟೆ, ಆಸ್ಪತ್ರೆ, ಮನೆ. ಬಂದರಿನ ಕ್ರೇನುಗಳನ್ನು ನೋಡಿ ಅವು ಯಾವ ಹಕ್ಕಿ ಎಂದು ತಮಾಷೆ ಮಾಡಿದರು. ಮುಚ್ಚಿದ ಬಟ್ಟೆ ಗಿರಣಿಯ ಮುಂದೆ ನಾನು ಇದನ್ನು ಯಾವಾಗ ಕಟ್ಟಿದರು, ಎಷ್ಟು ಮಗ್ಗ ಇತ್ತು ಎಂದು ಹೇಳುತ್ತಿದ್ದರೆ ಭುಜ ತಟ್ಟಿ ನಿಲ್ಲಿಸಿದರು. ನಿನ್ನ ಮಾವ ಈ ಸಣ್ಣ ಬಾಗಿಲಿನಿಂದ ಹೊರಗೆ ಬರುತ್ತಿದ್ದರು, ತಲೆ ತುಂಬ ಹತ್ತಿ, ಒಂದೇ ದಿನಕ್ಕೆ ಮುದುಕರಾದ ಹಾಗೆ ಕಾಣುತ್ತಿದ್ದರು ಎಂದರು. ನಾನು ಅವರನ್ನು ನೋಡಿಯೇ ಇಲ್ಲ. ಆ ಬಾಗಿಲನ್ನು ನೋಡುತ್ತ ಇಬ್ಬರೂ ಸ್ವಲ್ಪ ಹೊತ್ತು ನಿಂತೆವು.

ಮಗನ ಬೀದಿ ಬಂತು. ಅವನು ಗೇಟಿನ ಹತ್ತಿರ ಕಾಯುತ್ತಿದ್ದ. ನಾನು ವೇಗ ಕಡಿಮೆ ಮಾಡಿದೆ. ಅತ್ತೆಯ ಕೈ ನನ್ನ ಸೊಂಟದ ಮೇಲೆ ಬಿಗಿಯಾಯಿತು.

"ಇನ್ನೊಂದು ಸುತ್ತು ಹೊಡಿ," ಎಂದರು.

ಅವನ ಮುಂದೆಯೇ ದಾಟಿ ಹೋದೆ. ಬೀದಿ ಸುತ್ತಿ ಮತ್ತೆ ಬಂದೆವು. ಅವನು ಒಂದು ಹೆಜ್ಜೆ ಮುಂದೆ ಬಂದ. ಅತ್ತೆ ಕೈ ಸಡಿಲಿಸಲಿಲ್ಲ. ಮತ್ತೆ ದಾಟಿದೆ. ಆ ಸಲ ಸುತ್ತುವಾಗ ಬೆನ್ನಿನ ಮೇಲೆ ಅವರ ಹೆಲ್ಮೆಟ್ಟು ಒರಗಿದ್ದು, ಅಲುಗುತ್ತಿದ್ದದ್ದು ಗೊತ್ತಾಯಿತು. ನನ್ನ ಕಣ್ಣಿಗೂ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಮೂರನೇ ಸಲ ಗೇಟು ಬಂದಾಗ ಅತ್ತೆಯ ಕೈ ತಾನಾಗಿ ಬಿಟ್ಟಿತು. ನಿಲ್ಲಿಸಿದೆ.

ಮಗ ಇಳಿಸಿಕೊಂಡ. ಹೆಲ್ಮೆಟ್ ತೆಗೆಯಲು ಹೋದರೆ ಅತ್ತೆ ಬಿಡಲಿಲ್ಲ. ಗಾಜನ್ನೂ ಎತ್ತಲಿಲ್ಲ. ನನ್ನ ಎರಡೂ ಕೈ ಹಿಡಿದು ಒಂದು ಸಲ ಒತ್ತಿ, ಹಾಗೇ ಹೆಲ್ಮೆಟ್ ಹಾಕಿಕೊಂಡೇ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಮಗ ಗಂಟು ಬಿಚ್ಚಿಕೊಂಡ. ನನಗೆ ಏನೋ ಹೇಳಲು ಬಾಯಿ ತೆರೆದ. ಸ್ಟೂಲು ಮರೆಯಬೇಡ, ಅದಿಲ್ಲದೆ ಅವರಿಗೆ ಅಡುಗೆಮನೆಯಲ್ಲಿ ಕೂರಲು ಆಗುವುದಿಲ್ಲ ಎಂದೆ.

ಹೊರಡಬೇಕಿತ್ತು, ಹೊರಡಲಿಲ್ಲ. ಮಹಡಿಯ ಕಿಟಕಿಯಲ್ಲಿ ಕಂಡಿತು. ಅವಳು ಕೂಸನ್ನು ತಂದು ಅತ್ತೆಯ ಕೈಗೆ ಕೊಟ್ಟಳು, ಬಟ್ಟೆಯ ಪುಟ್ಟ ಸುರುಳಿ. ಅತ್ತೆ ಬಗ್ಗಿ ನೋಡಲು ಹೋದರು, ಹೆಲ್ಮೆಟ್ಟು ಅಡ್ಡ ಬಂತು. ಎರಡೂ ಕೈಯಲ್ಲಿ ಕೂಸಿತ್ತು. ಮಗ ಹಿಂದಿನಿಂದ ಬಂದು ಗಲ್ಲದ ಕೆಳಗಿನ ಪಟ್ಟಿ ಬಿಚ್ಚಿ, ನಿಧಾನವಾಗಿ ಹೆಲ್ಮೆಟ್ ಎತ್ತಿ ತೆಗೆದ. ಅತ್ತೆಯ ಬಿಳಿಕೂದಲು ಎದ್ದು ನಿಂತಿತ್ತು. ಅವರು ಕೆಳಗೆ ಬೀದಿಯ ಕಡೆ ನೋಡಲಿಲ್ಲ. ಕೂಸನ್ನೇ ನೋಡುತ್ತಿದ್ದರು.

ಗಾಡಿ ಸ್ಟಾರ್ಟ್ ಮಾಡಿದೆ. ಬರುವಾಗ ಹತ್ತಿರದ ದಾರಿಯಲ್ಲೇ ಬಂದೆ. ಹಿಂದೆ ಭಾರ ಇಲ್ಲದೆ ಗಾಡಿ ಪ್ರತಿಯೊಂದು ಉಬ್ಬಿನಲ್ಲೂ ಎಗರಿ ಎಗರಿ ಬೀಳುತ್ತಿತ್ತು.